ಭಾವನ ಬಿ.ಪಿ., ಬಾಯ್ಲರಿನ ವೈರು

ನಮ್ಮ ಭಾವ ದಾರಿಹೋಕರನ್ನಾದರೂ ನಂಬಿಯಾರು, ಮೀಟರನ್ನು ಮಾತ್ರ ನಂಬುವವರಲ್ಲ! ಸನತ್‌ನಗರದ ಕಾರ್ಖಾನೆಯೊಂದರಲ್ಲಿ ಬಾಯ್ಲರುಗಳ ಒತ್ತಡ ನೋಡುತ್ತ ಆಯುಷ್ಯ ಕಳೆದವರು. ನಿವೃತ್ತರಾದ ಮೇಲೆ ಒತ್ತಡವೇ ಅವರನ್ನು ಹುಡುಕಿಕೊಂಡು ಬಂತು. ಬಗೆಬಗೆಯ ಗುಳಿಗೆ ನುಂಗಿದರೂ ಬಿ.ಪಿ. ಇಳಿಯಲೊಲ್ಲದು.

ತಪ್ಪು ಯಾರದು? ಯಂತ್ರದ್ದು! ಮನೆಯ ಬಿ.ಪಿ. ಯಂತ್ರವನ್ನು ನನ್ನ ತೋಳಿಗೆ ಕಟ್ಟಿದರು, ನಮ್ಮಕ್ಕನ ತೋಳಿಗೆ ಕಟ್ಟಿದರು, ಸಿಲಿಂಡರ್ ತಂದವನನ್ನೂ ಬಿಡಲಿಲ್ಲ. ಎಲ್ಲರದೂ ಸರಿ.

“ನೋಡಿದ್ಯಾ? ಇದಕ್ಕ ನನ್ನೊಬ್ಬನ ಮ್ಯಾಲ ಸಿಟ್ಟೈತಿ!”

ಹೊತ್ತಿಗೆ ಸರಿಯಾಗಿ ಏಳುವ, ನಡೆಯುವ, ಉಣ್ಣುವ ನನಗೆ ಇಂಥ ಅವ್ಯವಸ್ಥೆ ಸಹಿಸಲಾಗದು. ಇಲ್ಲಿಯೇ ನೆಲೆಸಿದ ಮೈಸೂರು ಕಡೆಯ ಡಾಕ್ಟರೊಬ್ಬರ ಬಳಿ ಎಳೆದೊಯ್ದೆ. ಅವರು ಹಗಲೂ ರಾತ್ರಿ ತಾನೇ ಆಗಾಗ ಉಬ್ಬಿ ಒತ್ತಡ ಅಳೆಯುವ ಪಟ್ಟಿಯೊಂದನ್ನು ತೋಳಿಗೆ ಕಟ್ಟಿ ಕಳಿಸಿದರು. ಅಮೀರ್‌ಪೇಟ್ ಮೆಟ್ರೋದ ನೂಕುನುಗ್ಗಲಿನಲ್ಲಿ ಅದು ತೋಳು ಹಿಸುಕಿದ್ದೇ ತಡ, ಯಾರೋ ಕೈ ಹಿಡಿದರೆಂದು ಭಾವ “ಕೌನ್ ಹೈ ರೇ? ಹಾತ್ ಛೋಡ್!” ಎಂದು ಗುಡುಗಿದರು. ಪಕ್ಕದಲ್ಲಿದ್ದ ಪೊಲೀಸಪ್ಪ ಎರಡೂ ಕೈ ಮೇಲೆತ್ತಿ ನಿಂತ!

ಒತ್ತಡ ಏರಿಯೇ ಇದ್ದ ವರದಿ ನೋಡಿದ ಡಾಕ್ಟರಿಗೆ ಭಾವನ ಮೇಲೆಯೇ ಸಂಶಯ. ಗುಳಿಗೆ ನಿಜವಾಗಿ ನುಂಗುತ್ತಾರೋ ಇಲ್ಲವೋ ಎಂದು ಮೂತ್ರ ಪರೀಕ್ಷೆ ಮಾಡಿಸಿದರು. ಜಗತ್ತನ್ನೇ ಸಂಶಯಿಸುವವರನ್ನು ಜಗತ್ತು ಸಂಶಯಿಸಿದರೆ ಎಂಥ ಅವಮಾನ, ಹೇಳಿ? ಪರೀಕ್ಷೆಯಲ್ಲೇನೋ ಭಾವ ಗೆದ್ದರು. ಗೆದ್ದದ್ದೇ ಫಜೀತಿಗೆ ಬಂತು.

“ಗುಳಿಗೆ ನುಂಗಿಯೂ ಇಳಿದಿಲ್ಲ, ಹೀಗೇ ಬಿಟ್ಟರೆ ಪಾರ್ಶ್ವವಾಯು ಹೊಡೆದೀತು,” ಎಂದರು ಡಾಕ್ಟರು. “ತೊಡೆಯ ರಕ್ತನಾಳದಿಂದ ಸಣ್ಣ ನಳಿಗೆ ತೂರಿಸಿ, ಕಿಡ್ನಿಯ ರಕ್ತನಾಳದ ಸುತ್ತಲಿನ ನರಗಳನ್ನ ಬಿಸಿ ಕೊಟ್ಟು ಸುಮ್ಮನಾಗಿಸೋಣ.”

“ಮೀಟರಿನ ವೈರ್ ಸುಟ್ರ ಬಾಯ್ಲರ್ ತಣ್ಣಗಾಗ್ತೈತೇನ್ರಿ?”

“ಇದು ಮೀಟರಿನ ವೈರ್ ಅಲ್ಲ ಸರ್, ಉರಿ ಹೆಚ್ಚಿಸು ಅಂತ ಹೇಳೋ ವೈರ್.”

“ಗ್ಯಾರಂಟಿ?”

“ಇಲ್ಲ. ಕೆಲವರಿಗೆ ಇಳಿಯೋದಿಲ್ಲ. ಇಳಿದರೂ ಗುಳಿಗೆ ಬೇಕಾಗಬಹುದು.”

ಭಾವ ಎದ್ದು ಬಂದುಬಿಟ್ಟರು. ನಳಿಗೆ ದಾರಿ ತಪ್ಪಿದರೆ? ಆ ಯಂತ್ರದ ಮೀಟರನ್ನು ಪರೀಕ್ಷಿಸಿದವರು ಯಾರು? ಅಕ್ಕ ಅತ್ತಳು, ನಾನು ಗದರಿದೆ, ಆಸಾಮಿ ಜಗ್ಗಲಿಲ್ಲ.

ಅಂಥವರು ಒಂದು ಬೆಳಿಗ್ಗೆ ಫೋನ್ ಮಾಡಿ, “ಮಾಡಿಸ್ಕೊಂತೀನಿ, ನಡಿ” ಎಂದರೆ ಸಂಶಯಪಡುವ ಸರದಿ ನನ್ನದಾಗದೇ? ಆಸ್ಪತ್ರೆಯಲ್ಲಿ, ಒಳಗೆ ಕರೆದೊಯ್ಯುವ ಮುನ್ನ, ಕಾರಣ ಕೇಳಿಯೇಬಿಟ್ಟೆ. ಅಕ್ಕ ದೂರದಲ್ಲಿದ್ದಾಳೆಂದು ಖಾತ್ರಿ ಮಾಡಿಕೊಂಡು ಭಾವ ದನಿ ತಗ್ಗಿಸಿದರು.

“ನನಗ ಸಪ್ಪನ್ನ ಸಾರು ಬಡಿಸಿ, ತಾ ಉಪ್ಪು ಹಾಕ್ಕೊಂಡು ಉಣ್ಣಾಕತ್ತಾಳ ಅಂತ ಸಂಶೆ ಬಂತೋ ಮಾರಾಯಾ. ಆಕಿ ಒಳಗ ಹೋದಾಗ ಆಕಿ ತಾಟಿನಾಗಿಂದು ರುಚಿ ನೋಡಿದೆ. ಅದೂ ಸಪ್ಪನ್ನ! ಎಷ್ಟು ವರ್ಷದಿಂದ ಹಿಂಗ ಉಣ್ಣಾಕತ್ತಾಳೋ ಏನೋ. ಉಪ್ಪಿನಕಾಯಿ ಅಂದ್ರ ಜೀವ ಬಿಡ್ತಿದ್ದಾಕಿ...”

ಅಕ್ಕನತ್ತ ಒಮ್ಮೆ ನೋಡಿ, “ನಂದು ಇಳಿದ್ರ ಆಕಿನೂ ಉಪ್ಪು ಉಂಡಾಳು. ಇಳೀಲಿ, ಬಿಡ್ಲಿ. ನಾ ಒಳಗ ಹೋದ ಮ್ಯಾಲ ಆಕಿಗೆ ಉಪ್ಪು-ಖಾರದ್ದು ಏನರ ತಿನಿಸು,” ಎಂದರು.

ಬಾಗಿಲು ಮುಚ್ಚಿತು. ಅಕ್ಕನನ್ನು ಕ್ಯಾಂಟೀನಿಗೆ ಕರೆದೆ, ಬಿಸಿ ಮಿರ್ಚಿ ಭಜಿ ಇದೆ ಎಂದು ಆಸೆ ಹಚ್ಚಿದೆ. ಅವಳು ಬಾಗಿಲಿನಿಂದ ಕಣ್ಣು ತೆಗೆಯಲಿಲ್ಲ.

“ಅವ್ರು ಹೊರಗ ಬರ್ಲಿ ತಡಿ,” ಎಂದಳು. “ಕೂಡೇ ಉಣ್ತೀವಿ.”