ಮೇಷ್ಟ್ರ ವಾಲ್ವ್

ಶ್ರೀನಿವಾಸಮೂರ್ತಿ ಮೇಷ್ಟ್ರ ಹಳೆಯ ಪೆಟ್ರೋಲ್ ಕಾರು ಓಡುವಾಗ ಚೆನ್ನಾಗಿಯೇ ಇರುತ್ತಿತ್ತು. ಆಕ್ಸಿಲರೇಟರ್ ಮೇಲಿಂದ ಕಾಲು ತೆಗೆದರೆ ಮಾತ್ರ ಎರಡು ಸಲ ಬಿಕ್ಕಿ ಆಫ್ ಆಗುತ್ತಿತ್ತು. ಹಾಗೆ ಆಫ್ ಆಗಿ ಅದು ಮೇಷ್ಟ್ರ ಮಾನ ಕಳೆದದ್ದು ಹೋದ ಭಾನುವಾರ, ರಾಗಿಗುಡ್ಡದಲ್ಲಿ, ಸ್ವಂತ ಮಗಳ ಗೇಟಿನ ಮುಂದೆ.

ಮಗಳು ಶರಾವತಿ ತಾನು ಮೆಚ್ಚಿದವನನ್ನು ಮದುವೆಯಾದಾಗ ಮೇಷ್ಟ್ರು ಧಾರೆಗೆ ಹೋಗಿರಲಿಲ್ಲ. ಅಂದಿನಿಂದ ಮಾತಿಲ್ಲ. ಅವರ ಸಿಟ್ಟು ಎಂದೋ ಇಳಿದಿತ್ತು, ಬಿಗುಮಾನ ಇಳಿದಿರಲಿಲ್ಲ. ಅದಕ್ಕೇ ಪ್ರತಿ ಭಾನುವಾರ ಭದ್ರಾವತಿಯಿಂದ ಹೊರಟು, ಮುಕ್ಕಾಲು ಗಂಟೆ ಓಡಿಸಿ, ಅವಳ ಬೀದಿಯಲ್ಲಿ ಕಾರು ನಿಧಾನ ಮಾಡಿ, ಮುಖ ಕಂಡರೆ ನೋಡಿಕೊಂಡು ಬರುತ್ತಿದ್ದರು. ಕಾರು ಆ ಗುಟ್ಟನ್ನೂ ರಟ್ಟು ಮಾಡಿತು. ಅಳಿಯ ಪ್ರಕಾಶನೇ ಬಂದು ತಳ್ಳಿದ. ಮಗಳು ಬಾಗಿಲಲ್ಲೇ ನಿಂತಿದ್ದಳು, ಒಳಗೆ ಬಾ ಎನ್ನಲಿಲ್ಲ.

ಇವತ್ತು ಭದ್ರಾವತಿಯ ಜನ್ನಾಪುರದಲ್ಲಿ, ಮೇಷ್ಟ್ರ ಮನೆಯಂಗಳದಲ್ಲಿ, ಮೆಕ್ಯಾನಿಕ್ ಗಣೇಶ್ ಬಾನೆಟ್ ಎತ್ತಿದ. "ಐಡಲ್ ವಾಲ್ವ್ ಕಚ್ಕೊಂಡಿದೆ ಸಾರ್. ಕಾಲು ತೆಗೆದಾಗ ಇಂಜಿನ್‌ಗೆ ಗಾಳಿ ಬಿಡೋದೇ ಅದು. ಕಾರ್ಬನ್ ಕಟ್ಟಿದೆ."

ಪಾಠ ಮಾಡಿ ಪಳಗಿದ ಮೇಷ್ಟ್ರ ಗಂಟಲು ಕೊನೆಯ ಬೆಂಚಿಗೂ ಕೇಳುವಂಥದ್ದು. "ವಾಲ್ವ್ ಕಚ್ಕೊಂಡಿದೆಯಾ? ಅದಕ್ಕೇ ಉಸಿರು ಕಟ್ತಿರೋದು! ಬಿಚ್ಚಿ ನೋಡ್ಲೇಬೇಕಾ? ಆಗ್ಲಿ, ಇವತ್ತೇ ಆಗ್ಹೋಗ್ಲಿ!"

ಕಾಂಪೌಂಡಿನಾಚೆ ಬಟ್ಟೆ ಹರವುತ್ತಿದ್ದ ಪಕ್ಕದ ಮನೆಯ ಬಸವರಾಜೇಶ್ವರಿಯ ಕೈಯಿಂದ ಸೀರೆ ಜಾರಿತು. ಆಕೆಯ ಯಜಮಾನರಿಗೆ ಹೃದಯದ ವಾಲ್ವ್ ಆಪರೇಷನ್ ಆಗಿತ್ತು. ಮೊದಲು ಶರಾವತಿಗೆ ಫೋನ್ ಮಾಡಿ, ಆಮೇಲೆ ಓಡಿ ಬಂದರು.

"ಮಲ್ಕೊಳ್ಳಿ ಮೇಷ್ಟ್ರೇ! ವಾಲ್ವ್ ಅಂದ್ರೆ ಹುಡುಗಾಟನಾ?"

"ಅಯ್ಯೋ, ನನ್ನದಲ್ಲ ಮಾರಾಯ್ತಿ, ಅದು..."

"ಶರಾವತಿ ಹೊರಟಿದ್ದಾಳೆ. ಫೋನಲ್ಲೇ ಅಳ್ತಿದ್ಲು, ಪಾಪ."

ಮೇಷ್ಟ್ರ ಬಾಯಿ ತಟ್ಟನೆ ಮುಚ್ಚಿತು. ಕಾರಿನದು ಎಂದರೆ ಅವಳು ಅರ್ಧ ದಾರಿಯಿಂದಲೇ ತಿರುಗಿ ಹೋಗುತ್ತಾಳೆ. ಅವರು ಮೆಲ್ಲಗೆ ಹೋಗಿ ಮಂಚದ ಮೇಲೆ ಮಲಗಿ, ಹೊದಿಕೆಯನ್ನೂ ಎಳೆದುಕೊಂಡರು.

ಶರಾವತಿ ಬಂದವಳೇ ಅವರ ಕೈ ಹಿಡಿದು ಬಿಕ್ಕಿ ಬಿಕ್ಕಿ ಅತ್ತಳು. "ಹೋದ ವಾರ ಒಳಗೆ ಕರೀಬೇಕಿತ್ತು ಅಪ್ಪ. ಕರೀಲಿಲ್ಲ ನಾನು." ಮೇಷ್ಟ್ರಿಗೂ ಅಳು ಬಂತು. ಅದರಲ್ಲಿ ನಾಟಕವಿರಲಿಲ್ಲ.

ಅಷ್ಟರಲ್ಲಿ ಗಣೇಶ್ ಮಸಿ ಕೈಯಲ್ಲಿ ಒಳಗೆ ನುಗ್ಗಿದ. "ಸಾರ್, ವಾಲ್ವ್ ಹೊರಗೆ ತೆಗ್ದೆ! ನೋಡಿ, ಎಷ್ಟು ಕೊಳೆ!"

ಬಸವರಾಜೇಶ್ವರಿ ಕಿಟಾರನೆ ಕಿರುಚಿದರು. ಶರಾವತಿ ವಾಲ್ವ್ ನೋಡಿದಳು, ಅಪ್ಪನನ್ನು ನೋಡಿದಳು.

"ಕಾರಿಂದಾ?"

"ಹೂಂ."

"ಗೊತ್ತಿದ್ದೂ ಮಲಗಿದ್ಯಾ? ನೀನು ಸಿಗ್ತೀಯೋ ಇಲ್ವೋ ಅಂತ ದಾರಿ ತುಂಬಾ ಅತ್ಕೊಂಡು ಬಂದೆ ನಾನು." ಅವಳು ಕೈ ಬಿಟ್ಟಳು.

ಗಣೇಶ್ ವಾಲ್ವ್ ತೊಳೆದು ಕೂರಿಸಿದ. ಬಸ್ಸಿಗೆ ಹೊರಟಿದ್ದವಳನ್ನು ಮೇಷ್ಟ್ರು ಗೋಗರೆದು ಕಾರು ಹತ್ತಿಸಿದರು. ಅವಳು ಹಿಂದಿನ ಸೀಟಿನಲ್ಲಿ ಕೂತಳು.

ವಾಲ್ವ್ ತೊಳೆದ ಮಾತ್ರಕ್ಕೆ ಹಳೆಯ ಕಾರು ಸರಿಹೋಗುವುದಿಲ್ಲ, ಎಲ್ಲಾದರೂ ಕೆಟ್ಟು ನಿಂತೇ ನಿಲ್ಲುತ್ತದೆ, ಆಗ ತಪ್ಪಾಯ್ತು ಮಗಳೇ ಎಂದುಬಿಡಬೇಕು ಎಂದು ಮೇಷ್ಟ್ರು ಲೆಕ್ಕ ಹಾಕಿದ್ದರು. ಓಡುವ ಕಾರಿನಲ್ಲಿ ಆ ಮಾತು ಬಾಯಿಗೆ ಬರುತ್ತಿರಲಿಲ್ಲ. ಪ್ರತಿ ಸಿಗ್ನಲ್‌ನಲ್ಲೂ ಆಸೆಯಿಂದ ಕಾಲು ತೆಗೆದರು. "ನಿಲ್ಲು ಮಾರಾಯ, ಒಂದ್ಸಲ ನಿಲ್ಲು" ಎಂದು ಒಳಗೊಳಗೇ ಬೇಡಿಕೊಂಡರು. ಇಂಜಿನ್ ಹಾಲು ಕುಡಿದ ಬೆಕ್ಕಿನಂತೆ ಗುರುಗುಡುತ್ತಲೇ ಇತ್ತು.

ರಾಗಿಗುಡ್ಡ ಬಂತು. ಶರಾವತಿ ಇಳಿದಳು, ತಿರುಗಿ ನೋಡದೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಗೇಟಿನ ಮುಂದೆ ಕಾರು ಒಂಚೂರೂ ನಡುಗದೆ ಚಾಲೂ ಇತ್ತು. ಇನ್ನು ಅಲ್ಲಿ ನಿಲ್ಲಲು ಮೇಷ್ಟ್ರಿಗೆ ಯಾವ ನೆಪವೂ ಉಳಿದಿರಲಿಲ್ಲ.