ಹಲ್ಲಿನ ಪಾಚಿ, ಡಾಕ್ಟರ ದುರ್ಬೀನು

ಹಲ್ಲಿನ ದವಾಖಾನೆಯಲ್ಲಿ ಬರೀ ಅಳು ಇರುತ್ತದೆ ಅಂತ ಮಂದಿ ತಿಳಿದಿದ್ದಾರೆ. ಅಲ್ಲಿ ಗಾಜು ತೊಳೆದವನು ನಾನು. ನಗುವ ಸಂಗತಿ ಒಂದಾದರೂ ಆಗದೆ ಬಾಗಿಲು ಹಾಕಿದ ದಿನ ನೆನಪಿಲ್ಲ.

ಲಡಾಯಿ ನಡೆದ ಕಾಲ. ವಿಜಾಪುರದ ನಮ್ಮ ಡಾಕ್ಟರು ಒಂದು ದುರ್ಬೀನು ಇಟ್ಟಿದ್ದರು. ದೂರದ್ದು ನೋಡುವುದಲ್ಲ, ಸಣ್ಣದನ್ನು ದೊಡ್ಡದು ಮಾಡಿ ತೋರಿಸುವುದು. ವಸಡಿನಿಂದ ರಕ್ತ ಬರುವವರ ಹಲ್ಲಿನ ಬುಡದ ಪಾಚಿ ಕೆರೆದು, ಗಾಜಿನ ಪಟ್ಟಿಯ ಮೇಲಿಟ್ಟು, ರೋಗದ ಹುಳ ಅದಾವೋ ಇಲ್ಲೋ ನೋಡುವರು. ಹಲ್ಲು ಕೀಳಬೇಕೋ ಬೇಡವೋ ಎಂಬ ಮಾತು ಆಮೇಲೆ.

ನನ್ನ ಹೆಂಡತಿಗೂ ರಕ್ತ ಬರುತ್ತಿತ್ತು. ತೋರಿಸು ಅಂದರೆ ಕೇಳಳು. "ನಿಮ್ಮ ಡಾಕ್ಟರ್ ಹಲ್ಲ ಕಿತ್ತರ ಕಟಕ ರೊಟ್ಟಿ ಹ್ಯಾಂಗ ಕಡೀಲ್ರಿ?" ಅದೊಂದೇ ಅವಳ ಹೆದರಿಕೆ. ಆದರೆ ಸಂಜೆ ಮನೆಗೆ ಹೋದರೆ, "ಇವತ್ತ ಯಾರ ಬಾಯಾಗ ಏನ ಸಿಕ್ತು?" ಅಂತ ಕೇಳುವಳು. ಹೇಳಿದರೆ ಬಿದ್ದು ನಗುವಳು.

ಈಗ ಅವಳಿಲ್ಲ. ಕೇಳುವವರಿಲ್ಲ ಅಂತ ಬರೆಯುತ್ತಿದ್ದೇನೆ.

೧. ತೊಳೆಯದ ಬಾಯಿ

ಪಾಚಿ ಸಿಗಬೇಕಾದರೆ ಬಾಯಿ ತೊಳೆಯದೆ ಬರಬೇಕು. ತಿಕೋಟಾ ಕಡೆಯ ಬಿಜ್ಜರಗಿಯ ಹಿರಿಯರೊಬ್ಬರಿಗೆ ಡಾಕ್ಟರು ಹಾಗೇ ಹೇಳಿ ಕಳಿಸಿದರು. ಅವರು ಬೇವಿನ ಕಡ್ಡಿ, ಇದ್ದಲಿ ಎರಡೂ ಹಚ್ಚಿ ತಿಕ್ಕಿ, ಹಲ್ಲು ಫಳಫಳ ಮಾಡಿಕೊಂಡು ಬಂದರು.

"ತೊಳೀಬ್ಯಾಡ್ರಿ ಅಂದಿದ್ನಲ್ಲ?"

"ಅಂದಿದ್ರಿ. ದಾರ್ಯಾಗ ಹಣಮಪ್ಪನ ಗುಡಿ ಬರ್ತೈತ್ರಿ. ತೊಳೀದ ಬಾಯಿಲೆ ದೇವ್ರಿಗೆ ಕೈ ಮುಗೀಲೇನ್ರಿ?"

"ಮುಂದಿನ ವಾರ ಬ್ಯಾರೆ ದಾರಿ ಹಿಡದು ಬರ್ರಿ."

ಮುಂದಿನ ವಾರ ಬಂದರು. ಹಲ್ಲು ಮತ್ತೆ ಫಳಫಳ.

"ಬ್ಯಾರೆ ದಾರಿಲೇ ಬಂದ್ನಿರಿ. ಆ ದಾರ್ಯಾಗ ಬೀಗರ ಮನಿ ಐತಿ. ದೇವ್ರಾದ್ರ ತಡಕೋತಾನ, ಬೀಗರು ತಡಕೋತಾರೇನ್ರಿ?"

೨. ಪಾಪದ ಪಾಲು

ಬಬಲೇಶ್ವರ ಕಡೆಯ ಸಾರವಾಡದವರೊಬ್ಬರು. ಕೊರಳಲ್ಲಿ ತುಳಸಿ ಮಾಲೆ. ಡಾಕ್ಟರು ಅವರ ಪಾಚಿಯನ್ನೇ ದುರ್ಬೀನಿನಲ್ಲಿ ತೋರಿಸಿದರು.

"ಏನೋ ಮಿಸುಕಾಡಾಕತ್ತೈತಲ್ರಿ?"

"ನಿಮ್ಮ ಬಾಯಾಗಿನ ಹುಳಾರಿ."

"ಸಾಧ್ಯನ ಇಲ್ಲ. ನಾ ಮಾಲಿ ಹಾಕಿದಾಂವ. ತತ್ತಿ ಸೈತ ಮುಟ್ಟೂದಿಲ್ಲ."

"ನೀವು ಅವನ್ನ ತಿಂದಿಲ್ರಿ. ಅವು ನಿಮ್ಮನ್ನ ತಿನ್ನಾಕತ್ತಾವ."

ಅವರು ಕೊರಳ ಮಾಲೆ ಮುಟ್ಟಿಕೊಂಡರು. "ಔಷಧ ಹಚ್ಚಿದ್ರ ಏನಾಗ್ತಾವ್ರಿ?"

"ಸಾಯ್ತಾವ."

"ಹಂಗಾರ ಔಷಧ ನನ್ನ ಕೈಯಾಗ ಕೊಡಬ್ಯಾಡ್ರಿ. ನಾ ಬಾಯಿ ತೆಗದು ಕಣ್ಣ ಮುಚ್ಚತೀನಿ. ನೀವ ಹಚ್ರಿ. ಪಾಪ ನಿಮ್ಮ ಪಾಲಿಗಿರ್ಲಿ."

೩. ಯಾರ ಸೀರೆಯ ಬಣ್ಣ

ಕೆಲವು ಹುಳ ಹಾಗೇ ಕಾಣುವುದಿಲ್ಲ. ಗಾಜಿನ ಮೇಲಿನ ಪಾಚಿ ಒಣಗಿಸಿ, ದೀಪದ ಉರಿಗೆ ಹಿಡಿದು, ನೇರಳೆ ಬಣ್ಣ ಹಾಕಿ ತೊಳೆಯಬೇಕು. ಮೊದಲ ದಿನ ನನ್ನ ಎರಡೂ ಕೈ ನೇರಳೆ ಆದವು. ಉಣ್ಣಲು ಕೂತೆ. ಹೆಂಡತಿ ರೊಟ್ಟಿ ಹಿಡಿದವಳು ಹಾಕಲಿಲ್ಲ.

"ಯಾರ ಸೀರಿ ಬಣ್ಣಾರಿ ಅದು?"

"ಹಲ್ಲಿನ ಹುಳಕ್ಕ ಹಾಕೂ ಬಣ್ಣ ಬೇ."

"ನನಗೊಂದು ಸೀರಿ ತರಾಕ ಆಗಲಿಲ್ಲ. ಹುಳಕ್ಕ ಬಣ್ಣದ ಅಂಗಿ ತೊಡಸ್ತೀರಿ?"

೪. ಅವಳು ಬಂದ ದಿನ

ಕಡೆಗೆ ಅವಳ ವಸಡು ಬಾತು ರೊಟ್ಟಿ ಕಡಿಯಲಿಕ್ಕೇ ಆಗದಾಯಿತು. ಆಗ ಒಪ್ಪಿದಳು. ಬಾಯಿ ತೊಳೆಯಲಿಲ್ಲ. ಆದರೆ ತೊಳೆಯದ ಬಾಯಿ ಡಾಕ್ಟರನ್ನು ಬಿಟ್ಟು ಯಾರ ಮುಂದೂ ತೆರೆಯುವುದಿಲ್ಲ ಅಂತ ಹಿಂದಿನ ರಾತ್ರಿಯೇ ಹಟ ಹಿಡಿದಿದ್ದಳು.

ನಮ್ಮ ಓಣಿಯಲ್ಲಿ ಕೋಳಿಗಿಂತ ಮೊದಲು ಕೇಳುತ್ತಿದ್ದದ್ದು ಅವಳ ಮಾತು. ಅವತ್ತು ಸೆರಗು ಬಾಯಿಗೆ ಒತ್ತಿಕೊಂಡು ಸುಮ್ಮನೆ ನಡೆದಳು. ಬಾಜೂ ಮನೆಯ ಹಿರಿಯಾಕೆ, ಓಣಿಗೆಲ್ಲ ಖಾಲಾ, ಕೇಳಿದರು, "ಯಾಕ ಬೇ, ಏನಾತು?"

ಮಾತಿಲ್ಲ.

"ಗಂಡ ಬೈದಾನೇನು?"

ಬರೀ ತಲೆ ಅಲ್ಲಾಡಿಸಿದಳು.

"ಯಾ ಅಲ್ಲಾ! ಇಕಿ ನಾಲಿಗಿ ಬಿದ್ದೈತಿ!" ಅಂತ ಖಾಲಾ ಬೆನ್ನು ಹತ್ತಿದರು. ಅವರ ಹಿಂದೆ ನೀರಿಗೆ ಹೊರಟ ಹೆಂಗಸರು, ಕೊಡದ ಸಮೇತ. ದವಾಖಾನೆ ಮುಟ್ಟುವಾಗ ಮೆರವಣಿಗೆ ಆಗಿತ್ತು.

ಡಾಕ್ಟರು ಹೊರಗೆ ನೋಡಿ, "ಇಷ್ಟೂ ಮಂದಿಗೆ ವಸಡ ಬಾತಾವೇನೋ?" ಅಂದರು.

ಎಲ್ಲರನ್ನೂ ಹೊರಗೆ ಹಾಕಿಸಿ, ನನ್ನನ್ನು ಗೋಡೆಯ ಕಡೆ ತಿರುಗಿಸಿ ನಿಲ್ಲಿಸಿದ ಮೇಲೆ ಅವಳು ಬಾಯಿ ತೆರೆದಳು. ಡಾಕ್ಟರು ಕೆರೆದರು. ಅವಳು ಬಾಯಿ ಮುಚ್ಚಿದ ಮೇಲೆ ನಾನು ತಿರುಗಿದೆ. ಉಪ್ಪುನೀರಿನ ಹನಿ ಬಿಟ್ಟು ದುರ್ಬೀನಿಗೆ ಕಣ್ಣಿಟ್ಟರು. ಬಹಳ ಹೊತ್ತು ತೆಗೆಯಲಿಲ್ಲ.

"ಹುಳಾ ಅದಾವ."

ಅವಳು ನನ್ನ ತೋಳು ಹಿಡಿದಳು.

"ಆದ್ರ ಹಲ್ಲು ಗಟ್ಟಿ ಅದಾವ. ಕೀಳೂದು ಬ್ಯಾಡ. ಪಾಚಿ ತಗದು ಔಷಧ ಹಚ್ಚೂಣು. ಆರಾಮ ರೊಟ್ಟಿ ತಿಂತೀ ತಂಗಿ."

ಅವಳು ಬಾಯಿ ಮುಕ್ಕಳಿಸಿದಳು. ಡಾಕ್ಟರು ದುರ್ಬೀನು ತೋರಿಸಿದರು. ಬಗ್ಗಿ ನೋಡಿದಳು. ಒಳಗೆ ಹುಳಗಳು ಒಂದರ ಮೇಲೊಂದು ಹರಿದಾಡುತ್ತಿದ್ದವು. ಮುಂಜಾನೆಯಿಂದ ಅವಳಾಡಿದ ಮೊದಲ ಮಾತು ಇದು:

"ಯಪ್ಪಾ! ಹುಟ್ಟಿದಾಗಿಂದ ಇವತ್ತೊಂದಿನಾ ಸುಮ್ಮನಿದ್ದೆ. ಇವತ್ತೂ ನನ್ನ ಬಾಯಿ ಸುಮ್ಮನಿಲ್ಲಲ್ರಿ!"