ಕೂರಬಾರದ ಕೋಣೆ

ಭಾರ ಎತ್ತಿಸುವ ಕೆಲಸದಲ್ಲಿ ಇಂಥವು ಆಗುತ್ತಲೇ ಇರುತ್ತವೆ. ಕೇಳಿದವರು ನಗುತ್ತಾರೆ. ನಾನು ಆಗ ನಕ್ಕಿಲ್ಲ. ಈಗಲೂ ಕಷ್ಟ.

ಕೆಲಸ ಏನೆಂದು ಮೊದಲೇ ಹೇಳಿಬಿಡುತ್ತೇನೆ. ಸಿಯಾಟಲ್ ಹತ್ತಿರ ಒಂದು ಕಾಲೇಜು. ಅದರ ಫುಟ್‌ಬಾಲ್ ತಂಡ. ಅಮೆರಿಕದ ಫುಟ್‌ಬಾಲ್, ಚೆಂಡನ್ನು ಒದೆಯುವುದು ಕಡಿಮೆ, ಮನುಷ್ಯರನ್ನು ಕೆಡವುವುದು ಹೆಚ್ಚು. ಆಟ ಕಲಿಸುವವರು ಬೇರೆ. ನಾನು ಹುಡುಗರ ಮೈ ಗಟ್ಟಿ ಮಾಡುವ ಕೋಚ್. ಮೈಸೂರಿನ ಗರಡಿಯಲ್ಲಿ ಬೆಳೆದೆ. ಶರೀರಶಾಸ್ತ್ರ ಓದಲು ಅಮೆರಿಕಕ್ಕೆ ಬಂದೆ. ಕಸರತ್ತಿನ ಕೋಣೆಯೊಳಗೆ ಹೋದೆ. ಹೊರಗೆ ಬರಲಿಲ್ಲ.

ಈ ಕೆಲಸಕ್ಕೆ ಒಂದು ಪದ್ಧತಿ ಇದೆ. ತಂಡ ಸೋತರೆ ಮುಖ್ಯ ಕೋಚ್ ಹೋಗುತ್ತಾನೆ. ಅವನು ಹೋದರೆ ಅವನ ಕೈಕೆಳಗಿನವರೆಲ್ಲ ಹೋಗುತ್ತಾರೆ. ನಾನು ಹೀಗೆ ಎರಡು ಊರಿನಿಂದ ಹೋಗಿದ್ದೇನೆ. ಈ ಕಾಲೇಜಿನಲ್ಲಿ ಮಾತ್ರ ಇಪ್ಪತ್ತು ವರ್ಷ ಉಳಿದೆ. ಇಲ್ಲಿನ ಮುಖ್ಯ ಕೋಚ್ ಗೆಲ್ಲುತ್ತಿದ್ದ.

ಹೋದ ವರ್ಷ ಗೆಲ್ಲುವುದು ನಿಂತಿತು. ಮುಂದಿನ ಹನ್ನೆರಡು ಪಂದ್ಯಗಳಲ್ಲಿ ಆರಾದರೂ ಗೆಲ್ಲದಿದ್ದರೆ ಮನೆಗೆ ಹೋಗು ಎಂದು ಕಾಲೇಜು ಅವನಿಗೆ ಹೇಳಿತು. ನನಗೆ ಅರವತ್ತೆಂಟು. ಈ ಕೋಣೆ ಹೋದರೆ ನನಗೆ ಇನ್ನೊಂದು ಕೋಣೆ ಸಿಗುವುದಿಲ್ಲ.

ಇದು ಆ ಹನ್ನೆರಡು ಪಂದ್ಯಗಳ ಕಾಲದ ಮಾತು.

೧. ನಿಯಮ

ನನ್ನ ಕೋಣೆಯಲ್ಲಿ ಯಾರೂ ಕೂರಬಾರದು. ಇದು ಗರಡಿಯ ಉಸ್ತಾದರ ನಿಯಮ. ಕೂತರೆ ಮೈ ತಣ್ಣಗಾಗುತ್ತದೆ, ತಣ್ಣಗಾದ ಮೈ ಮುರಿಯುತ್ತದೆ ಎನ್ನುತ್ತಿದ್ದರು. ಕೋಣೆಯಲ್ಲಿ ಕುರ್ಚಿ ಇಲ್ಲ. ಮಲಗಿ ಭಾರ ಎತ್ತುವ ಬೆಂಚುಗಳಿವೆ. ಮಲಗಬಹುದು. ಕೂರುವಂತಿಲ್ಲ.

ನಾನು ಈ ಕಾಲೇಜಿಗೆ ಬಂದ ಮೊದಲ ವರ್ಷ ಒಬ್ಬ ದೊಡ್ಡ ಹುಡುಗ ಕಸರತ್ತಿನ ನಡುವೆ ನೆಲದ ಮೇಲೆ ಕೂತುಬಿಟ್ಟ.

"ಏಳು," ಎಂದೆ.

"ಕೋಚ್, ಮಂಡಿ ಹೋಯ್ತು."

"ನಿಂತು ಹೇಳು."

ಗೋಡೆ ಹಿಡಿದು ಒಂದೇ ಕಾಲಿನ ಮೇಲೆ ಎದ್ದ. ನಿಂತು, "ಮಂಡಿ ಹೋಯ್ತು ಕೋಚ್," ಎಂದ. ಆಮೇಲೆ ಬಿದ್ದ.

ಮಂಡಿ ನಿಜವಾಗಿ ಹೋಗಿತ್ತು. ಅವನು ಮತ್ತೆ ಆಡಲಿಲ್ಲ. ನಿಂತದ್ದರಿಂದ ಹೆಚ್ಚೇನೂ ಕೆಟ್ಟಿಲ್ಲ ಎಂದು ಆಗಿನ ಡಾಕ್ಟರ್ ನನಗೆ ಹೇಳಿದರು. ಒಳ್ಳೆಯ ಮನುಷ್ಯ, ಆ ಡಾಕ್ಟರ್.

ಹುಡುಗ ಓದಿದ. ಮೇಲೆ ಬಂದ. ಈಗ ಇದೇ ಕಾಲೇಜಿನ ಕ್ರೀಡಾ ವಿಭಾಗದ ಡೈರೆಕ್ಟರ್. ಯಾರು ಇರಬೇಕು, ಯಾರು ಹೋಗಬೇಕು ಎಂದು ಹೇಳುವವನು ಅವನೇ. ಮೈ ಬಂದಿದೆ, ಮಂಡಿಗೆ ಎರಡು ಆಪರೇಷನ್ ಆಗಿದೆ, ಕುಂಟುತ್ತಾನೆ. ನನ್ನ ಕೋಣೆಗೆ ಬಂದರೆ ಮಾತ್ರ ಇಷ್ಟು ವರ್ಷವೂ ಕೂರುತ್ತಿರಲಿಲ್ಲ.

ಆ ದಿನದ ಬಗ್ಗೆ ನಾವಿಬ್ಬರೂ ಇಪ್ಪತ್ತು ವರ್ಷ ಮಾತಾಡಿರಲಿಲ್ಲ. ಹವಾಮಾನದ ಬಗ್ಗೆ ಮಾತಾಡುತ್ತಿದ್ದೆವು. ಇಲ್ಲಿ ಅದೂ ಒಂದೇ ಮಾತು. ಮಳೆ.

೨. ಗೋತ್ರ

ಮೂರನೇ ಸೋಲಾದ ಮರುದಿನ ಹೆಂಡತಿ ಹತ್ತಿರದ ಬಾಥೆಲ್ ಊರಿನ ದೇವಸ್ಥಾನಕ್ಕೆ ಕರೆದುಕೊಂಡು ಹೋದಳು. ಪ್ರಸಾದದ ಸಾಲಿನಲ್ಲಿ ನಮ್ಮ ಹಿಂದೆ ಓವರ್‌ಲೇಕ್ ಬಡಾವಣೆಯ ಒಬ್ಬ ಸಾಫ್ಟ್‌ವೇರ್ ಹುಡುಗ ನಿಂತಿದ್ದ. ಬೆಂಗಳೂರಿನವನು.

"ಅಂಕಲ್, ನೀವು ಫುಟ್‌ಬಾಲ್ ಕೋಚ್ ಅಂತೆ? ಹ್ಯಾಗ್ ಆಡ್ಬೇಕು ಅಂತ ಹೇಳ್ಕೊಡ್ತೀರಾ?"

"ಇಲ್ಲ."

"ಮತ್ತೆ?"

"ಭಾರ ಎತ್ತಿಸ್ತೀನಿ."

"ಅಷ್ಟೇನಾ?"

"ಅಷ್ಟೇ."

ಸೊಂಟಕ್ಕೆ ಕೈ ಇಟ್ಟ. "ಅಂಕಲ್, ನಂಗೆ ಇಲ್ಲಿ ಸೊಂಟ ಹಿಡ್ಕೊಂಡಿದೆ. ಸ್ವಲ್ಪ ನೋಡ್ತೀರಾ?" ಎಂದ.

ನೋಡಿದೆ. ಅವನ ಹಿಂದಿನವನೂ ಸೊಂಟ ತೋರಿಸಿದ. ಅವನ ಹಿಂದಿನವನು ಕತ್ತು. ಪುಳಿಯೋಗರೆ ಸಿಗುವ ಹೊತ್ತಿಗೆ ಎಂಟು ಜನರನ್ನು ಬಗ್ಗಿಸಿದ್ದೆ.

ಹೆಂಡತಿ ಆಮೇಲೆ ಅರ್ಚನೆಯ ಚೀಟಿ ಬರೆಸಲು ನಿಂತಳು. ನಾನೂ ಪಕ್ಕದಲ್ಲಿದ್ದೆ.

"ಯಾರ ಹೆಸರಿನಲ್ಲಮ್ಮಾ?" ಎಂದರು ಅರ್ಚಕರು.

"ಇವರ ಮುಖ್ಯ ಕೋಚ್ ಹೆಸರಲ್ಲಿ."

ಹೆಸರು ಹೇಳಿದಳು. ಅರ್ಚಕರು ಎರಡು ಸಲ ಕೇಳಿ ಬರೆದುಕೊಂಡರು.

"ಗೋತ್ರ?"

ನಾನು ಹೆಂಡತಿಯ ಮುಖ ನೋಡಿದೆ. ಆ ಮನುಷ್ಯ ಟೆಕ್ಸಸ್‌ನವನು. ಅವನಪ್ಪನಿಗೆ ದನದ ವ್ಯಾಪಾರ.

"ನಮ್ಮ ಗೋತ್ರಾನೇ ಹಾಕಿ," ಎಂದಳು. "ಮುಳುಗೋದು ಹೇಗೂ ಎಲ್ಲರೂ ಒಟ್ಟಿಗೇ."

೩. ರಕ್ತ

ಆ ಸಲ ಆಯುಧಪೂಜೆ ಶುಕ್ರವಾರ ಬಂತು. ಶನಿವಾರ ಪಂದ್ಯ. ಪ್ರತಿವರ್ಷ ಮನೆಯಲ್ಲಿ ಕಾರಿಗೆ ಪೂಜೆ ಮಾಡಿ ಸುಮ್ಮನಾಗುತ್ತಿದ್ದೆ. ಆ ವರ್ಷ ಗೆದ್ದದ್ದಕ್ಕಿಂತ ಸೋತದ್ದು ಹೆಚ್ಚಿತ್ತು. ಬೆಳಿಗ್ಗೆ ಐದಕ್ಕೇ ಕೋಣೆಗೆ ಹೋಗಿ ಒಂದೊಂದು ಕಬ್ಬಿಣಕ್ಕೂ ಕುಂಕುಮ ಹಚ್ಚಿದೆ. ಕುಂಕುಮ ಉದುರಬಾರದೆಂದು ನೀರಿನಲ್ಲಿ ಕಲಸಿದ್ದೆ. ಅದು ತಪ್ಪಾಯಿತು. ಇಳಿದು ನೆಲದ ಮೇಲೆ ತೊಟ್ಟಿಕ್ಕಿತ್ತು.

ಕಾಫಿ ತರಲು ಹೋದೆ. ತಿರುಗಿ ಬಂದಾಗ ಬಾಗಿಲಿಗೆ ಅಡ್ಡಲಾಗಿ ಹಳದಿ ಪಟ್ಟಿ ಕಟ್ಟಿತ್ತು. ತಂಡದ ಡಾಕ್ಟರಮ್ಮ ಕೈಗೆ ಗ್ಲೌಸ್, ಮುಖಕ್ಕೆ ಮಾಸ್ಕ್ ಹಾಕಿ ನಿಂತಿದ್ದಳು. ಹುಡುಗರೆಲ್ಲ ಹೊರಗೆ.

"ಇದು ಯಾರ ರಕ್ತ?" ಎಂದಳು.

"ಯಾರದ್ದೂ ಅಲ್ಲ."

"ಎಲ್ಲಾ ಸಾಮಾನಿನ ಮೇಲೂ ಇದೆ!"

"ಹೌದು. ನಾನೇ ಹಚ್ಚಿದ್ದು."

ಆಕೆ ಎರಡು ಹೆಜ್ಜೆ ಹಿಂದೆ ಹೋದಳು. ನಾನು ವಿವರಿಸಿದೆ. ವರ್ಷಕ್ಕೊಂದು ದಿನ ನಾವು ಕೆಲಸದ ಸಾಮಾನಿಗೆ ಕೈ ಮುಗಿಯುತ್ತೇವೆ, ಅವತ್ತು ಅವಕ್ಕೆ ರಜೆ ಎಂದೆ.

"ಅಂದರೆ ಇವತ್ತು ಯಾರೂ ಭಾರ ಎತ್ತೋ ಹಾಗಿಲ್ಲವಾ?"

ಹುಡುಗರು ಕೇಳಿಸಿಕೊಂಡರು. ನಮ್ಮ ಧರ್ಮದ ಮೇಲೆ ಅವರಿಗೆ ಅಷ್ಟು ಗೌರವ ಹಿಂದೆಂದೂ ಕಂಡಿರಲಿಲ್ಲ.

ಅವರಲ್ಲಿ ನೂರೈವತ್ತು ಕಿಲೋದ ಒಬ್ಬ ಮುಂದೆ ಬಂದ. "ಕೋಚ್, ನಾನೂ ಕಾಲೇಜಿನ ಸಾಮಾನೇ. ನನಗೂ ಹಚ್ಚಿ," ಎಂದು ತಲೆ ಬಗ್ಗಿಸಿದ. ತಮಾಷೆ ಮಾಡುತ್ತಿದ್ದಾನೆಯೇ ಎಂದು ನೋಡಿದೆ. ಇಲ್ಲ. ಹಚ್ಚಿದೆ. ಹಿಂದೆ ಸಾಲು ನಿಂತಿತು. ಶನಿವಾರ ಪಂದ್ಯಕ್ಕೆ ಮುಂಚೆ ಮತ್ತೆ ಕೇಳಿ ಹಚ್ಚಿಸಿಕೊಂಡರು. ಹಣೆ ತುಂಬ ಕೆಂಪಾಗಿ ಮೈದಾನಕ್ಕಿಳಿದರು. ಎದುರು ತಂಡ ನೋಡಿ ಬೆಚ್ಚಿತು.

ಹತ್ತು ನಿಮಿಷ. ಆಮೇಲೆ ಬೆವರಿಗೆ ಕುಂಕುಮ ಕಣ್ಣಿಗಿಳಿಯಿತು. ಮೊದಲರ್ಧ ಮುಗಿಯುವವರೆಗೆ ನಮ್ಮವರಿಗೆ ಚೆಂಡು ಕಾಣಲಿಲ್ಲ.

ಐದನೇ ಸೋಲು.

೪. ಪೆಟ್ಟಿಗೆ

ಹಿಂದೆ ಎರಡು ಸಲ ಊರು ಬಿಟ್ಟೆವಲ್ಲ, ಆಗಿನ ರಟ್ಟಿನ ಪೆಟ್ಟಿಗೆಗಳನ್ನು ಹೆಂಡತಿ ಎಸೆದಿಲ್ಲ. ಗರಾಜಿನಲ್ಲಿ ಮಡಿಸಿ ಇಟ್ಟಿದ್ದಾಳೆ. ಅವಳಿಗೆ ಆಟ ಅರ್ಥವಾಗುವುದಿಲ್ಲ. ಸೋತರೆ ಒಂದು ಪೆಟ್ಟಿಗೆ ಗರಾಜಿನಿಂದ ಮನೆಯೊಳಗೆ ಬರುತ್ತದೆ. ಗೆದ್ದರೆ ಒಂದು ವಾಪಸು ಹೋಗುತ್ತದೆ.

ಹನ್ನೊಂದು ಪಂದ್ಯ ಮುಗಿದಾಗ ಐದು ಗೆದ್ದಿದ್ದೆವು, ಆರು ಸೋತಿದ್ದೆವು. ಒಂದು ಪೆಟ್ಟಿಗೆ ಸೋಫಾದ ಪಕ್ಕ ಕೂತಿತ್ತು. ಕೊನೆಯ ಪಂದ್ಯದ ಬೆಳಿಗ್ಗೆ ಅವಳು ಅದನ್ನು ಕಾರಿನಲ್ಲಿ ಇಡುತ್ತಿದ್ದಳು.

"ಇನ್ನೂ ಆಟ ಆಗಿಲ್ಲ," ಎಂದೆ.

"ಗೊತ್ತು ರೀ. ಕೋಣೆಯಲ್ಲಿ ನಿಮ್ಮ ಸಾಮಾನು ಎಷ್ಟಿದೆ?"

"ಒಂದು ಸೀಟಿ. ಒಂದು ಟವೆಲು. ಕುಂಕುಮದ ಭರಣಿ."

ಪೆಟ್ಟಿಗೆ ವಾಪಸು ತೆಗೆದಳು. ಒಳಗೆ ಹೋಗಿ ಒಂದು ಪ್ಲಾಸ್ಟಿಕ್ ಕವರ್ ತಂದು ಕೊಟ್ಟಳು.

೫. ನಿಂತು ಹೇಳು

ಕೊನೆಯ ಪಂದ್ಯ ಸೋತೆವು. ಮಳೆ. ಹೆಚ್ಚು ಹೇಳಲು ಏನೂ ಇಲ್ಲ.

ಭಾನುವಾರ ಮುಖ್ಯ ಕೋಚ್‌ನನ್ನು ಕಳಿಸಿದರು. ಸೋಮವಾರ ಬೆಳಿಗ್ಗೆ ನಾನು ಎಂದಿನಂತೆ ಕೋಣೆಗೆ ಹೋದೆ. ಹುಡುಗರು ಬರಲಿಲ್ಲ. ಕಬ್ಬಿಣ ಒರೆಸುತ್ತಿದ್ದೆ. ಕುಂಟುವ ಹೆಜ್ಜೆ ಕೇಳಿಸಿತು. ಡೈರೆಕ್ಟರ್.

"ಕೋಚ್, ನನ್ನ ಆಫೀಸಿಗೆ ಬರ್ತೀರಾ? ಕೂತು ಮಾತಾಡೋಣ."

"ಇಲ್ಲೇ ಹೇಳು."

ಭಾರ ಇಡುವ ಕಂಬಕ್ಕೆ ಒರಗಿಕೊಂಡ. ಮಂಡಿ ನೋಯುತ್ತಿತ್ತು, ಮುಖದಲ್ಲಿ ಕಾಣುತ್ತಿತ್ತು. ಪಕ್ಕದಲ್ಲೇ ಬೆಂಚು. ಅದರ ಕಡೆ ನೋಡಿದ. ನನ್ನ ಕಡೆ ನೋಡಿದ. ಕೂರಲಿಲ್ಲ.

"ಹೊಸ ಕೋಚ್ ತನ್ನ ಜನರನ್ನೇ ಕರ್ಕೊಂಡು ಬರ್ತಾನಂತೆ. ನಾನು ಹೇಳಿ ನೋಡಿದೆ. ಆದರೆ ಪರಿಸ್ಥಿತಿ ಹೇಗಿದೆ ಅಂದ್ರೆ..."

"ನೆಟ್ಟಗೆ ನಿಂತು ಹೇಳು."

ಕಂಬ ಬಿಟ್ಟ. ನೆಟ್ಟಗೆ ನಿಂತ.

"ನಿಮ್ಮ ಕೆಲಸ ಹೋಯ್ತು ಕೋಚ್."

"ಸರಿ."

ಸೀಟಿ, ಟವೆಲು, ಭರಣಿ ಕವರಿಗೆ ಹಾಕಿಕೊಂಡೆ. ಅವನು ಇನ್ನೂ ನಿಂತೇ ಇದ್ದ. ಒಳ್ಳೆಯ ಕಾಲಿನ ಮೇಲೆ ಭಾರ ಬಿಟ್ಟುಕೊಂಡು, ಆ ದಿನ ನಿಂತ ಹಾಗೆಯೇ.

"ಕೂತ್ಕೋ," ಎಂದೆ.

"ಇಲ್ಲೇನಾ?"

"ಇನ್ನು ಇದು ನನ್ನ ಕೋಣೆ ಅಲ್ಲ. ಕೂತ್ಕೋ."

ಬೆಂಚಿನ ಮೇಲೆ ಮೆಲ್ಲಗೆ ಕೂತ. ಅವನು ಆ ಕೋಣೆಯಲ್ಲಿ ಕೂತದ್ದು ಇಪ್ಪತ್ತು ವರ್ಷದಲ್ಲಿ ಅದು ಎರಡನೇ ಸಲ.

"ಆವತ್ತು ನಿನ್ನನ್ನು ನಿಲ್ಲಿಸಬಾರದಿತ್ತು," ಎಂದೆ.

"ಹೌದು," ಎಂದ. "ನಿಲ್ಲಿಸಬಾರದಿತ್ತು."

ಅಷ್ಟೇ. ಅದಕ್ಕಿಂತ ಹೆಚ್ಚು ನಾನೂ ನಿರೀಕ್ಷಿಸಿರಲಿಲ್ಲ.

ಹೊರಡಲು ಏಳಹೋದ. ಏಳಲಾಗಲಿಲ್ಲ. ಬೆಂಚು ಗಿಡ್ಡ, ಮನುಷ್ಯ ಭಾರ. ಮತ್ತೆ ಪ್ರಯತ್ನಿಸಿದ. ಮತ್ತೆ ಕೂತ. ಮೂರನೇ ಸಲಕ್ಕೆ ಮುಖ ಕೆಂಪಾಯಿತು.

"ತೊಡೆ ಸತ್ತಿದೆ," ಎಂದೆ. "ಬಸ್ಕಿ ಹೊಡೆಯೋದು ಬಿಟ್ಟು ಎಷ್ಟು ದಿನ ಆಯ್ತು?"

"ಇಪ್ಪತ್ತು ವರ್ಷ."

"ಅದಕ್ಕೇ ಮಂಡಿ ನೋಯೋದು. ಭಾರ ಎಲ್ಲಾ ಅದರ ಮೇಲೇ ಬೀಳುತ್ತೆ."

ಕವರ್ ಕೆಳಗಿಟ್ಟೆ. ಅವನ ಎರಡೂ ಕೈ ಹಿಡಿದೆ. ಬೆಂಚಿನಿಂದ ಏಳಿಸಿದೆ. ಕೂರಿಸಿದೆ. ಏಳಿಸಿದೆ. "ಎದೆ ಮೇಲೆ. ಹಿಮ್ಮಡಿ ನೆಲಕ್ಕೆ. ಎಣಿಸು."

ಎಣಿಸಿದ. ಐದರ ನಂತರ ನನ್ನ ಕೈ ಬಿಟ್ಟು ತಾನೇ ಎದ್ದ. ಏಳನೆಯದಕ್ಕೆ ಸುಸ್ತಾಗಿ ನಿಲ್ಲಿಸಿಬಿಟ್ಟ. ಟೈ ಬೆವರಿನಲ್ಲಿ ಒದ್ದೆಯಾಗಿತ್ತು.

"ಇನ್ನು ಮೂರು," ಎಂದೆ.

"ಕೋಚ್," ಎಂದ, ಏದುಸಿರಿನಲ್ಲಿ. "ಈಗಷ್ಟೇ ನಿಮ್ಮನ್ನ ಕೆಲಸದಿಂದ ತೆಗೆದಿದೀನಿ."

"ಗೊತ್ತು. ಇನ್ನು ಮೂರು."

ಮೂರೂ ಹೊಡೆದ.